ತೋಟದಲ್ಲಿ ಫೋನ್ ಹಿಡಿದು ಓಡಾಡಬಾರದು

ಹಡಗು ಕಂಪನಿಗಳ ಸಂಘದ ಪರವಾಗಿ ಸರ್ಕಾರದೋರ ಬಾಗಿಲು ತಟ್ಟೋದು ನನ್ನ ಕೆಲಸ. ಸಮುದ್ರವೇ ಇಲ್ಲದ ಗುಬ್ಬಿ ಕಡೆಗೆ ಹಡಗಿಗೆ ಹೋಗೋ ಸರಕಿನ ಪೆಟ್ಟಿಗೆ ಇಡೋಕೆ ಒಂದು ಕಂಟೇನರ್ ಯಾರ್ಡ್ ಕೊಡಿ ಅಂತ ಕೇಳೋಕೆ ರೈತರ ಬೆಂಬಲ ಬೇಕಿತ್ತು. ಅದಕ್ಕೇ ಸಿ.ಎಸ್. ಪುರದ ಹತ್ತಿರ ಒಬ್ಬ ಯಜಮಾನರ ತೆಂಗಿನ ತೋಟಕ್ಕೆ ಹೋಗಿದ್ದೆ. ಅವರು ನನಗೆ ಅಂತ ಎಳನೀರು ಕೆತ್ತುತ್ತಿದ್ದಾಗ ನಮ್ಮ ಡೈರೆಕ್ಟರ್ ಫೋನ್ ಬಂತು. ಫೋನಲ್ಲಿ ಮಾತಾಡ್ತಾ ಅತ್ತಿಂದಿತ್ತ ನಡೆಯೋದು ನನ್ನ ಚಾಳಿ. ತೋಟದ ಆ ತುದಿಯ ಬದುವಿನ ತನಕ ಹೋಗಿ ತಿರುಗಿ ನೋಡಿದರೆ ಯಜಮಾನರ ಕೈಯಲ್ಲಿ ಮಚ್ಚು ನಿಂತಿತ್ತು.

“ಹೆಜ್ಜೆ ಹಾಕಿ ಅಳೀತಿದೀಯೇನಪ್ಪಾ? ಹಡಗಿನೋರಿಗೆ ನನ್ ತೋಟ ಯಾಕೆ?”

“ಅಯ್ಯೋ, ಇಲ್ಲ ಯಜಮಾನ್ರೇ. ನಿಮ್ಮ ಕಾಯಿ ಇಲ್ಲಿಂದ ನೇರ ಬಂದರಿಗೆ ಹೋಗ್ಲಿ ಅಂತ ಅಷ್ಟೇ.”

“ಯಾರ್ಡ್ ಏನು ಗಾಳೀಲಿ ಕಟ್ತಾರಾ?”

“ಸರ್ಕಾರಿ ಜಾಗದಲ್ಲಿ ಕಟ್ತಾರೆ. ಬೇಕಾದ್ರೆ ನಮ್ಮ ಡೈರೆಕ್ಟರ್ ಬಾಯಿಂದಲೇ ಕೇಳಿ” ಅಂತ ಫೋನ್ ಸ್ಪೀಕರಿಗೆ ಹಾಕಿದೆ.

ನಾನು ಬಾಯಿ ಬಿಡೋ ಮುಂಚೆ ಡೈರೆಕ್ಟರೇ ಶುರು ಮಾಡಿದರು: “ಅದಿರ್ಲಿ, ನೀನು ನಿಂತಿರೋ ಜಾಗ ಹೆಂಗಿದೆ? ಮಟ್ಟಸವಾಗಿದ್ಯಾ?”

ಯಜಮಾನರು ನನಗೆ ಕೆತ್ತಿದ್ದ ಎಳನೀರನ್ನ ತಾವೇ ಕುಡಿದರು. ಆಮೇಲೆ ಗೇಟಿನ ತನಕ ನನ್ನ ಹಿಂದೆಯೇ ಬಂದರು.

ಈಗ ಫೋನ್ ಬಂದರೆ ಕೂತೇ ಮಾತಾಡ್ತೀನಿ. ಉಪ್ಪಾರಹಳ್ಳೀಲಿ ನನ್ನದೊಂದು ಖಾಲಿ ಸೈಟಿದೆ, ಅದೂ ಮಟ್ಟಸವಾಗೇ ಇದೆ. ಅದನ್ನ ಡೈರೆಕ್ಟರಿಗೆ ಇನ್ನೂ ಹೇಳಿಲ್ಲ.