ಗುಂಡಿಯ ಸೊಂಟದಳತೆ

ಮೊನ್ನೆ ಪ್ಯಾಂಟು ಹೊಲಿಸಲೆಂದು ಬಂಗಾರಪೇಟೆಯ ಟೈಲರ್ ಅಂಗಡಿಗೆ ಹೋಗಿದ್ದೆ. ಟೈಲರು ನನ್ನ ಸೊಂಟಕ್ಕೆ ಟೇಪು ಸುತ್ತಿ, ಅಂಕಿ ನೋಡಿ, ಬಾಯಿಬಿಟ್ಟು ಹೇಳದೆ ಚೀಟಿಯಲ್ಲಿ ಬರೆದುಕೊಂಡ. ಮರ್ಯಾದಸ್ಥ. ಅದೇ ಬೇಸರದಲ್ಲಿ ನಾನು ಹೊರಟುಬಿಡುತ್ತಿದ್ದೆನೋ ಏನೋ, ಆದರೆ ಟೇಪು ಬಿಚ್ಚುವಾಗ ಅದರ ತುದಿಯ ಲೋಹದ ಪಟ್ಟಿ ನನ್ನ ಕೈಗೆ ತಣ್ಣಗೆ ತಾಗಿತು. ತಾಗಿದ್ದೇ ತಡ, ನನ್ನ ಸೊಂಟ ಮರೆತುಹೋಗಿ ಒಂದು ನಾಯಿಯ ಸೊಂಟ ನೆನಪಾಯಿತು. ನಗಬೇಡಿ. ಆ ಸೊಂಟವನ್ನು ವಾರಕ್ಕೊಮ್ಮೆ ತಪ್ಪದೆ ಅಳೆದವನು ನಾನೇ.

ನಾಯಿ ನನ್ನ ಸೋದರತ್ತೆಯ ಮನೆಯದು. ಮನೆ ಆಂಡರ್ಸನ್‌ಪೇಟೆಯಲ್ಲಿ. ಮಾವ ಟೈಲರ್, ಅಂಗಡಿ ಬಂಗಾರಪೇಟೆಯಲ್ಲಿ. ಬೆಳಿಗ್ಗೆ ಮಾರಿಕುಪ್ಪಂನಲ್ಲಿ ರೈಲು ಹತ್ತಿದರೆ ಸಂಜೆಯ ರೈಲಿಗೇ ವಾಪಸು. ಒಂದು ಸಂಜೆ ಅವರ ಷರಟಿನ ಜೇಬಿನಲ್ಲಿ ಒಂದು ನಾಯಿಮರಿ ಬಂತು. "ನೋಡೇ, ಷರಟಿನ ಗುಂಡಿ ಅಷ್ಟೈತೆ," ಅಂದರಂತೆ. ಅದೇ ಹೆಸರಾಯಿತು. ಮಾವ ಬೀದಿಯಲ್ಲಿ ನಿಂತು "ಗುಂಡೀ" ಎಂದು ಕೂಗಿದಾಗೆಲ್ಲ ಅಕ್ಕಪಕ್ಕದ ತಮಿಳು ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಅವರ ಭಾಷೆಯಲ್ಲಿ ಅದು ಮನುಷ್ಯ ಕೂತುಕೊಳ್ಳುವ ಜಾಗದ ಹೆಸರು. ಮಾವನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಇನ್ನಷ್ಟು ಜೋರಾಗಿ ಕೂಗುತ್ತಿದ್ದರು.

ದೊಡ್ಡದಾದ ಮೇಲೆ ಗುಂಡಿಗೆ ಒಂದೇ ಕೆಲಸ: ಸಂಜೆ ಸ್ಟೇಷನ್ನಿಗೆ ಹೋಗಿ ಮಾವನನ್ನು ಕರೆತರುವುದು. ಇಪ್ಪತ್ತು ನಿಮಿಷದ ದಾರಿಗೆ ಅವರಿಬ್ಬರೂ ಒಂದು ಗಂಟೆ ಹಿಡಿಸುತ್ತಿದ್ದರು. ಕೇಳಿದರೆ ಮಾವ, "ಮಂಡಿ ನೋವು ಕಣೇ," ಅನ್ನುತ್ತಿದ್ದರು.

ಮಾವನಿಗೆ ಸಕ್ಕರೆ ಕಾಯಿಲೆ. ಅತ್ತೆ ಬಿಗಿ ಹೆಂಗಸು. ಡಾಕ್ಟರು ಅರ್ಧ ಮುದ್ದೆ ಅಂದರೆ ಅರ್ಧವೇ. ಮುಕ್ಕಾಲನ್ನು ಅರ್ಧ ಎಂದು ನಂಬಿಸಲು ಮಾವನ ಕೈಲೂ ಆಗಲಿಲ್ಲ. ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮೂರು ಕ್ಯಾಸಂಬಳ್ಳಿಯ ಕಡೆ, ಆಂಧ್ರದ ಗಡಿಗೆ ಹತ್ತಿರ. ಮನೆಯಲ್ಲಿ ಆಡುವುದು ಕನ್ನಡವೇ, ಆದರೂ ಕೆಲವು ತೆಲುಗು ಮಾತು ಊಟದ ತಟ್ಟೆಗೇ ಅಂಟಿಕೊಂಡಿದ್ದವು. 'ಸಾಕು' ಅನ್ನುವುದನ್ನು ನಾವು ಯಾರೂ ಸಾಕು ಅಂದವರಲ್ಲ, 'ಚಾಲು' ಅನ್ನುತ್ತಿದ್ದೆವು. ನಮ್ಮಜ್ಜಿಯಿಂದ ನಾನು ಕಲಿತ ಮೊದಲ ಮಾತುಗಳಲ್ಲಿ ಅದೂ ಒಂದು. ಅತ್ತೆ ಮದುವೆಯಾಗಿ ಹೋಗುವಾಗ ಅದನ್ನೂ ಸೆರಗಿನಲ್ಲಿ ಕಟ್ಟಿಕೊಂಡೇ ಹೋದಳು.

ಆ ಯುಗಾದಿಯ ದಿನ ಮಾವ ಎರಡನೆಯ ಒಬ್ಬಟ್ಟಿಗೆ ತಟ್ಟೆ ಚಾಚಿದರು. "ಅರ್ಧ ಆಕೇ, ಅಬ್ಬ ಅಲ್ವಾ?" ಅತ್ತೆ, "ಚಾಲು," ಎಂದು ಪಾತ್ರೆ ಮುಚ್ಚಿದಳು. ವಾರ ತುಂಬುವಷ್ಟರಲ್ಲಿ ಮಾವ ಅಂಗಡಿಯಲ್ಲೇ, ಮಿಷಿನ್ನಿನ ಮೇಲೆ ತಲೆಯಿಟ್ಟು ಹೋಗಿಬಿಟ್ಟರು.

ಅಂದಿನಿಂದ ವರ್ಷವಿಡೀ ಅತ್ತೆಯ ಬಾಯಲ್ಲಿ ಆ ಮಾತು ಬಂದಿದ್ದನ್ನು ಯಾರೂ ಕೇಳಲಿಲ್ಲ. ಸ್ಟೇಷನ್ನಿಗೆ ಓಡಲು ಹವಣಿಸಿದ ಗುಂಡಿಯನ್ನು ಜಗುಲಿಯಲ್ಲಿ ಕಟ್ಟಿಹಾಕಿದಳು. "ಅವ್ರಿಲ್ಲದ ರೈಲಿಗೆ ಯಾಕೆ ಓಗ್ಬೇಕು?" ಕಟ್ಟಿಹಾಕಿ, ತಿನ್ನಿಸತೊಡಗಿದಳು. ಅದು ತಲೆ ಎತ್ತಿದರೆ ಮುದ್ದೆ, ಬಾಲ ಆಡಿಸಿದರೆ ತುಪ್ಪದನ್ನ, ಸುಮ್ಮನೆ ಮಲಗಿದರೆ "ಬೇಜಾರು ಮಾಡ್ಕೊಂಡೈತೆ" ಎಂದು ಬೆಲ್ಲದಚ್ಚು. ತಾನು ಮಾತ್ರ ತಟ್ಟೆಯ ಮುಂದೆ ಕೂತು ಎರಡು ತುತ್ತಿಗೆ ಕೈ ತೊಳೆಯುತ್ತಿದ್ದಳು. ವರ್ಷ ಕಳೆಯುವಷ್ಟರಲ್ಲಿ ಅತ್ತೆ ಕಡ್ಡಿಯಾದಳು, ಗುಂಡಿ ಮೂಟೆಯಾಯಿತು. ನಾಲ್ಕು ಹೆಜ್ಜೆಗೆ ಏದುಸಿರು. ಜಗುಲಿಯ ಒಂದೇ ಮೆಟ್ಟಿಲನ್ನು ಹತ್ತಲೂ ಯಾರಾದರೂ ಹಿಂದಿನಿಂದ ತಳ್ಳಬೇಕು. ತಮಿಳು ಹೆಂಗಸರಂತೂ, ಹೆಸರು ಈಗ ಸರಿಹೋಯಿತು ಎಂದರು.

ನಾನೇ ಅದನ್ನು ಆಟೋದಲ್ಲಿ ಹಾಕಿಕೊಂಡು, ಅತ್ತೆಯನ್ನೂ ಕೂರಿಸಿಕೊಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟರು ಸೀಮೆಹಸು, ಎಮ್ಮೆ ನೋಡಿ ರೂಢಿಯಾದವರು. "ಎಮ್ಮೆಯಾಗಿದ್ರೆ ಇಷ್ಟು ಚೆನ್ನಾಗಿ ಸಾಕಿದ್ದಕ್ಕೆ ನಿಮಗೆ ಕೈ ಮುಗೀತಿದ್ದೆ ಅಮ್ಮ," ಅಂದರು. "ನಾಯಿಗೆ ಇದು ಆಗಲ್ಲ. ಎದೆ ಹೊಡ್ಕೊಳ್ಳೋದು ನೋಡಿ. ಹೀಗೇ ಬಿಟ್ರೆ ಈ ಬೇಸಿಗೆ ದಾಟಲ್ಲ. ಊಟ ಅರ್ಧ ಮಾಡಿ. ದಿನಾ ನಡೆಸಿ."

'ಅರ್ಧ' ಅನ್ನುವ ಮಾತು ಕೇಳಿ ಅತ್ತೆಯ ಮುಖ ಕಪ್ಪಿಟ್ಟಿತು.

ಮನೆಗೆ ಬಂದವಳೇ ಮೊಳೆಗೆ ತೂಗುಹಾಕಿದ್ದ ಮಾವನ ಟೇಪು ತಂದು ನನ್ನ ಕೈಗಿಟ್ಟಳು. "ಅಳೀಲಾ." ಮೂವತ್ತೆರಡು ಇಂಚು. ಆಮೇಲೆ ಒಂದು ರಟ್ಟು ತಂದಳು. "ಇದ್ರಲ್ಲಿ ಊಟ ಚಾಲು ಅಂತ ಬರ್ದು ಅದ್ರ ಕತ್ತಿಗೆ ಕಟ್ಟು. ಬೀದಿಯೋರೂ ಅದೂ ಇದೂ ಆಕ್ತಾರೆ, ಓದ್ಕೊಳ್ಳಿ. ನಾನೂ ನೋಡ್ಕೋತೀನಿ. ನನ್ ಬಾಯಲ್ಲಿ ಅದು ಬರಲ್ಲ ಕಣ್ಲಾ." ಬರೆಸಲೆಂದು 'ಚಾಲು' ಅನ್ನುವುದನ್ನು ಹೇಗೋ ಒಂದು ಸಲ ಆಡಿ, ಒಳಕ್ಕೆ ಹೋಗಿಬಿಟ್ಟಳು.

ನಾನು ಅಲ್ಲೇ ಹತ್ತಿರದ ಶಾಲೆಯ ಮಕ್ಕಳಿಗೆ ಕನ್ನಡ ಹೇಳಿಕೊಟ್ಟು ಹೊಟ್ಟೆ ಹೊರೆದವನು. ದುಂಡಗೆ ಬರೆದೆ: 'ಊಟ ಚಾಲು'. ಅಕ್ಷರ ಚೆನ್ನಾಗಿ ಬಂತೆಂದು ದೂರ ನಿಂತು ನೋಡಿಯೂ ನೋಡಿದೆ.

ಎರಡು ವಾರ ಬಿಟ್ಟು ಅಳೆದರೆ ಮೂವತ್ಮೂರೂವರೆ! ಅತ್ತೆ ದೇವರಾಣೆ ಹಾಕಿ ತಾನು ಅರ್ಧವೇ ಹಾಕಿದೆ ಅಂದಳು. ಹೊರಗೆ ಬಂದರೆ, ಒಬ್ಬ ಆಟೋದವನು ಗುಂಡಿಯ ಮುಂದೆ ಕೂತು ಬನ್ನು ಮುರಿದು ಹಾಕುತ್ತಿದ್ದಾನೆ.

"ಏನಪ್ಪಾ, ಬೋರ್ಡು ಓದಲಿಲ್ವಾ?" ಅಂದೆ.

"ಓದಿದ್ದಕ್ಕೇ ಸಾರ್ ಆಕ್ತಿರೋದು. ಊಟ ಚಾಲು ಅಂತ ಬರ್ದೈತೆ. ಓಟ್ಲು ಮುಂದೆ ಇಂಗೇ ಬರ್ದಿದ್ರೆ ನಾವು ಒಳಕ್ಕೆ ಓಗಲ್ವಾ?"

ನಿಂತಲ್ಲೇ ನಿಂತೆ. ನಮ್ಮ ಮನೆಯ ಚಾಲು ಊಟ ಮುಗಿಸುವ ಚಾಲು. ಬೀದಿಯ ಚಾಲು ಊಟ ಶುರುಮಾಡುವ ಚಾಲು. ಎರಡು ವಾರದಿಂದ ಇಡೀ ಬೀದಿ ಆ ನಾಯಿಗೆ ಇಡ್ಲಿ, ಬನ್ನು, ಬಿಸ್ಕತ್ತು ಬಡಿಸುತ್ತಿತ್ತು, ಅದೂ ಮೇಷ್ಟರ ಬರವಣಿಗೆಯ ಮೇಲೆ ಭರವಸೆಯಿಟ್ಟು! ಒಳಗೆ ಹೋಗಿ ಹೇಳಿದೆ. ಅತ್ತೆ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು. ಮಾವ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. "ನಿಂಗೆ ಸಂಬಳ ಬೇರೆ ಕೊಟ್ರಲ್ಲೋ!" ಅಂದಳು.

ಉಳಿದದ್ದು ಡಾಕ್ಟರ ಎರಡನೆಯ ಮದ್ದು, ನಡಿಗೆ. ಮೂರು ದಿನ ನಾನೇ ಪ್ರಯತ್ನಿಸಿದೆ. ಬೇರೆ ಯಾವ ಕಡೆ ಎಳೆದರೂ ಗುಂಡಿ ಕದಲಲಿಲ್ಲ. ಸ್ಟೇಷನ್ನಿನ ಕಡೆಗೆ ಮುಖ ಮಾಡಿ ಕೂತುಬಿಡುತ್ತಿತ್ತು.

"ಅದಕ್ಕೆ ಗೊತ್ತಿರೋದು ಒಂದೇ ದಾರಿ ಕಣ್ಲಾ," ಅಂದಳು ಅತ್ತೆ. "ಆ ದಾರಿಗೆ ನಾನು ಬರಲ್ಲ." ಅಂದವಳೇ ಸ್ವಲ್ಪ ಹೊತ್ತಿಗೆ ಚಪ್ಪಲಿ ಮೆಟ್ಟಿ ನಿಂತಿದ್ದಳು. "ಅದು ನನ್ ಕಣ್ಮುಂದೆ ಸಾಯೋದು ಬ್ಯಾಡ. ನಡಿ."

ಇಪ್ಪತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆಯಾಯಿತು. ಗುಂಡಿ ಕೂತಲ್ಲೆಲ್ಲ ನಾವೂ ನಿಂತೆವು. ಸ್ಟೇಷನ್ನಿನ ಹೊರಗೆ ಬರುವಷ್ಟರಲ್ಲಿ ಸಂಜೆಯ ರೈಲು ಬಂದು, ಜನ ಚೀಲ ಹಿಡಿದು ಇಳಿದು ಬರುತ್ತಿದ್ದರು. ಅತ್ತೆ ಗೋಡೆಯ ಕಡೆ ತಿರುಗಿಕೊಂಡಳು. ನನಗೆ ಗುಂಡಿಯದೇ ಭಯ. ಆ ಜನರಲ್ಲಿ ಮಾವನನ್ನು ಹುಡುಕಿದರೆ? ಅದು ರೈಲಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಆ ಮೈಯಲ್ಲಿ ಎಲ್ಲಿತ್ತೋ ಶಕ್ತಿ, ಹಗ್ಗ ಎಳೆದುಕೊಂಡು ರಸ್ತೆ ದಾಟಿ, ಎಲ್ಲರೂ ಪಾಟಿ, ಅಂದರೆ ಅಜ್ಜಿ, ಎಂದು ಕರೆಯುವ ಒಬ್ಬ ತಮಿಳು ಮುದುಕಿಯ ಬೋಂಡದ ಒಲೆಯ ಪಕ್ಕ ಹೋಗಿ ಕೂತಿತು.

"ವಾಡಾ, ವಾಡಾ ರಾಜಾ!" ಎಂದು ತಮಿಳಿನಲ್ಲಿ ಬಾ ಬಾ ಅಂದಳು ಮುದುಕಿ. "ಟೈಲರಣ್ಣ ಓದ್ಮೇಲೆ ನೀನೂ ಮರ್ತ್ಬಿಟ್ಟೆ ಅಂದ್ಕೊಂಡೆ."

ಅತ್ತೆ ಹತ್ತಿರ ಬಂದಳು. "ಇದು ನಿಂಗೆ ಎಂಗೆ ಗೊತ್ತು?"

"ಗೊತ್ತಿಲ್ದೆ ಏನಮ್ಮಾ? ದಿನಾ ಈ ಕಲ್ ಮೇಲೆ ಕೂತು ಅವ್ರು ಎರಡು ಬೆಲ್ಲದ ಬೋಂಡ ತಿನ್ನೋರು, ಇದಕ್ಕೊಂದು ಆಕೋರು. ಮನೇಲಿ ಏಳ್ಬೇಡ ಪಾಟಿ ಅನ್ನೋರು. ನೀವು ಅವ್ರಿಗೆ ಏನಾಗ್ಬೇಕು?"

ಅತ್ತೆ, "ಯುಗಾದಿ ಆದ್ಮೇಲೂ ಬಂದಿದ್ರಾ?" ಅಂದಳು.

"ಬಂದಿದ್ರು. ಅವತ್ತು ಮೂರು ತಿಂದ್ರು. ಅಬ್ಬದ ದಿನ ಅರ್ಧ ಒಬ್ಬಟ್ಟು ಕೊಡ್ಲಿಲ್ಲ ಪಾಟಿ ನಮ್ಮೋಳು, ಅದನ್ನ ಇಲ್ಲಿ ತೀರಿಸ್ಕೋತೀನಿ ಅಂತ ನಕ್ಕೊಂಡು ತಿಂದ್ರು."

"ನಕ್ಕೊಂಡಾ?"

"ನಕ್ಕೊಂಡೇ ಅಮ್ಮ. ಒಟ್ಟೆ ತುಂಬ ತಿಂದ್ರು."

ಅತ್ತೆ ಆ ಕಲ್ಲಿನ ಮೇಲೆ ಕುಸಿದು ಕೂತಳು. "ಕಳ್ಳ," ಅಂದಳು. ಗಂಡನನ್ನು ಬದುಕಿದ್ದಾಗ ಒಮ್ಮೆಯೂ ಏಕವಚನದಲ್ಲಿ ಆಡಿದವಳಲ್ಲ. "ನೋಡ್ಲಾ ಈ ಕಳ್ಳನ್ನ! ಅಸ್ದ ಒಟ್ಟೇಲೇ ಕಳಿಸ್ಬಿಟ್ಟೆ ಅಂತ ನಾನು ವರ್ಷದಿಂದ ಸಾಯ್ತಾ ಇದ್ರೆ, ಇವ್ನು ಇಲ್ಲಿ ಬೆಲ್ಲದ ಬೋಂಡ ತಿಂದವ್ನೆ!" ಹೇಳುತ್ತಾ ನಗುತ್ತಿದ್ದಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೂ ಇದ್ದಳು. ಆ ಬೋಂಡ ಮಾವನ ಆಯುಸ್ಸನ್ನು ಎಷ್ಟು ಕಡಿದಿತ್ತೋ, ಡಾಕ್ಟರನ್ನು ಕೇಳಿದರೆ ಬೇರೆಯೇ ಹೇಳಿಯಾರು. ಅತ್ತೆಗೆ ಅಂದು ಬೇಕಾಗಿದ್ದದ್ದು ಅದಲ್ಲ.

ಮುದುಕಿ ಒಂದು ಬೋಂಡ ಮುರಿದು, ಊದಿ, ಗುಂಡಿಯ ಕಡೆ ಚಾಚಿದಳು. ಅತ್ತೆ ಕೈ ಅಡ್ಡ ಹಿಡಿದಳು.

"ಅದಕ್ಕೆ ಚಾಲು," ಅಂದಳು. "ನಂಗೊಂದು ಕೊಡು."

ಆಮೇಲೆ ನನಗೆ ವಾರಕ್ಕೊಮ್ಮೆ ಅಳೆಯುವುದಷ್ಟೇ ಉಳಿಯಿತು. ದಿನಾ ಸಂಜೆ ಅತ್ತೆ ಗುಂಡಿಯನ್ನು ಕರೆದುಕೊಂಡು ಹೋಗುತ್ತಿದ್ದಳು, ಆ ಕಲ್ಲಿನ ಮೇಲೆ ಕೂರುತ್ತಿದ್ದಳು, ರೈಲಿಳಿದು ಬರುವವರನ್ನು ನೆಟ್ಟಗೆ ನೋಡುತ್ತಿದ್ದಳು. ಮುಂದಿನ ಯುಗಾದಿಗೆ ಟೇಪು ಇಪ್ಪತ್ತನಾಲ್ಕು ಇಂಚು ತೋರಿಸಿತು. ಗುಂಡಿ ಮೆಟ್ಟಿಲನ್ನು ಹಾರಿ ಇಳಿಯಿತು. ಅತ್ತೆಯ ರವಿಕೆಗಳನ್ನು ಬಿಚ್ಚಿ ಸಡಿಲ ಮಾಡಿಸಬೇಕಾಯಿತು. ಗುಂಡಿ ಆಮೇಲೆ ಐದು ಬೇಸಿಗೆ ದಾಟಿತು. ಅದು ಹೋದ ಎರಡು ವರ್ಷಕ್ಕೆ ಅತ್ತೆಯೂ ಹೋದಳು. ಈಗ ಆಂಡರ್ಸನ್‌ಪೇಟೆಗೆ ಹೋದರೆ, ನಡುಬೀದಿಯಲ್ಲಿ ನನ್ನನ್ನು 'ಲಾ' ಎಂದು ಕರೆಯುವವರು ಯಾರೂ ಇಲ್ಲ. ಹಾಗೆ ಕರೆಸಿಕೊಳ್ಳಬೇಕೆಂದು ಎಷ್ಟು ಆಸೆಯಾಗುತ್ತದೆ ಗೊತ್ತೆ!

ಮೊನ್ನೆ ಟೈಲರ್ ಅಂಗಡಿಯಿಂದ ಮನೆಗೆ ಬಂದಾಗ ಕತ್ತಲಾಗುತ್ತಿತ್ತು. ಹೆಂಡತಿ ಸಕ್ಕರೆಯಿಲ್ಲದ ಕಾಫಿ ತಂದಿಟ್ಟು, "ದಾರೀಲಿ ಏನೂ ತಿನ್ಲಿಲ್ಲ ತಾನೆ?" ಎಂದು ಎಂದಿನಂತೆ ಕೇಳಿದಳು. ಎಂದಿನಂತೆ ಇಲ್ಲ ಅನ್ನಬಹುದಿತ್ತು.

"ತಿಂದೆ," ಅಂದೆ. "ಪಾನಿಪುರಿ. ಎರಡು ಪ್ಲೇಟು."

ಚೆನ್ನಾಗಿ ಬೈದಳು. ಬೈದು ಮುಗಿಸುವವರೆಗೆ ಕಾದು, ಗಾಡಿ ಯಾವ ತಿರುವಿನಲ್ಲಿ ನಿಲ್ಲುತ್ತದೆ, ಅವನು ಯಾವ ಬಣ್ಣದ ಟೋಪಿ ಹಾಕುತ್ತಾನೆ, ನಾನು ಯಾವ ಕಡೆ ನಿಂತು ತಿನ್ನುತ್ತೇನೆ, ಎಲ್ಲ ಹೇಳಿದೆ.

"ಆ ಗುರುತೆಲ್ಲ ನಂಗ್ಯಾಕೆ?" ಅಂದಳು.

"ಇರಲಿ," ಅಂದೆ. "ದಾರಿ ತೋರಿಸೋಕೆ ನಮ್ಮನೇಲಿ ನಾಯಿಯಿಲ್ಲವಲ್ಲ."