ತಡವಾಗಿ ಬರುವ ಪಾತ್ರ

ನನಗೆ ತಡ ಮಾಡಲು ಬರುವುದಿಲ್ಲ. ಮದುವೆಮನೆಯಲ್ಲಿ ಅಡುಗೆಯವರು ಒಲೆ ಹಚ್ಚುವಾಗಲೇ ಹೋಗಿ ಕೂತು, ಅವರಿಂದ ಬೈಸಿಕೊಂಡವನು ನಾನು. ಡ್ರಿಲ್ ಮಾಸ್ತರನಿಗೆ ನಿವೃತ್ತಿಯಾದರೂ ಅವನೊಳಗಿನ ಸಿಳ್ಳೆಗೆ ಆಗುವುದಿಲ್ಲ. ಇಂಥವನಿಗೆ ಸಿನಿಮಾದಲ್ಲಿ ಸಿಕ್ಕಿದ್ದು ಎಲ್ಲರನ್ನೂ ಕಾಯಿಸುವ ಹೀರೊನ ಪಾತ್ರ.

ಸಿನಿಮಾ ನನ್ನ ಹಳೆಯ ವಿದ್ಯಾರ್ಥಿ ಖಾಜಾನದು. ಭಾಗ್ಯನಗರದಲ್ಲಿ ಮದುವೆಯ ವಿಡಿಯೊ ತೆಗೆಯುತ್ತಾನೆ. ಸಿನಿಮಾದವರನ್ನೇ ಗೇಲಿ ಮಾಡುವ ಸಿನಿಮಾ ಅದು. ಬಂಡವಾಳವೆಂದರೆ ಅವನ ಕ್ಯಾಮೆರಾ ಮತ್ತು ಗೆಳೆಯರ ಪುರುಸೊತ್ತು. ಕೊನೆಯ ದೃಶ್ಯಕ್ಕೆ ಬೇಕಾದ ದೊಡ್ಡ ಕಾರನ್ನು ಶ್ರೀರಾಮನಗರದ ರೈಸ್ ಮಿಲ್ ಮಾಲೀಕರು ಮಧ್ಯಾಹ್ನದವರೆಗೆ ಮಾತ್ರ ಕೊಟ್ಟಿದ್ದರು. ಕಾರು ಹೋದರೆ ಸಿನಿಮಾವೂ ಹೋದಂತೆ.

ದೊಡ್ಡಾಟದಲ್ಲಿ ದೊರೆಯ ವೇಷ ಪರದೆಯ ಹಿಂದೆ ಗದ್ದಲ ಮಾಡಿ, ಜನರನ್ನು ಕಾಯಿಸಿಯೇ ಮುಖ ತೋರಿಸುತ್ತದೆ. ಕಾಯಿಸುವುದು ದೊಡ್ಡಸ್ತಿಕೆಯೆಂದು ನಾವು ಅಂದೇ ಒಪ್ಪಿಕೊಂಡವರು. ನಾನೋ, ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದು ನೆಟ್ಟಗೆ ಇಳಿಯುತ್ತಿದ್ದೆ.

‘ಸರ್, ಹೀರೊ ಪರೇಡಿಗೆ ಬಂದಂಗ ಇಳಿಯಂಗಿಲ್ರಿ. ನಾ ಕೆಂಪು ಕರ್ಚೀಫ್ ಬೀಸೂತನ ಏನರ ಆಗ್ಲಿ, ಇಳೀಬ್ಯಾಡ್ರಿ’ ಎಂದ ಖಾಜಾ. ಅಪ್ಪಣೆ ಸಿಕ್ಕಿತಲ್ಲ, ನೆಮ್ಮದಿಯಾಗಿ ಗಾಜು ಏರಿಸಿ ಕೂತೆ.

ಬಿಸಿಲು ಏರಿತು. ಮಿಲ್ ಗೇಟಿನ ಬಳಿ ಕ್ಯಾಮೆರಾ ಹಿಂದಿದ್ದ ಖಾಜಾ ಕರ್ಚೀಫನ್ನು ತಲೆಗೆ ಕಟ್ಟಿಕೊಂಡು ಬರಿಗೈ ಬೀಸಿದ. ನಾನು ಕದಲಲಿಲ್ಲ. ಹೀರೊನನ್ನು ಸ್ವಾಗತಿಸಲು ಮಾಲೆ ಹಿಡಿದು ನಿಂತವರು ನೆಲಕ್ಕೆ ಕುಕ್ಕರಿಸಿದರು. ನಿರ್ಮಾಪಕನ ಪಾತ್ರದವನು ನಿಜವಾಗಿಯೇ ಕೈ ಮುಗಿದ.

ಕಾರಿನ ಡ್ರೈವರ್ ಯಮನೂರಪ್ಪ ಹಿಂದಿರುಗಿ ನೋಡಿದ. ‘ಇಳೀರಿ ಮಾಸ್ತರ, ಕಾರಿಗೆ ಹೊತ್ತಾತು.’

‘ಕರ್ಚೀಫ್ ಬಂದಿಲ್ಲಪ್ಪ.’

ಅವನೇ ಇಳಿದು ಕೂಗಿದ: ‘ಏ ಖಾಜಾ, ಇವರಿಗೆ ಕರ್ಚೀಫ್ ಬೇಕಂತೋ ಮಾರಾಯಾ!’

ಖಾಜಾ ತಲೆ ಮುಟ್ಟಿಕೊಂಡ. ಕರ್ಚೀಫ್ ಬೀಸಿದ. ನಾನು ಇಳಿದೆ. ಕಾರು ಹೊರಟಿತು.

‘ಮುಗೀತ್ರಿ ಸರ್’ ಎಂದು ಅಲ್ಲೇ ಕೂತುಬಿಟ್ಟ ಖಾಜಾ. ಡ್ರೈವರ್ ನಡುವೆ ಇಳಿದು ಕೂಗಿ ಶಾಟ್ ಕೆಟ್ಟಿತ್ತು, ಇನ್ನೊಮ್ಮೆ ತೆಗೆಯಲು ಕಾರಿಲ್ಲ. ಸಂಜೆ ನೋಡಿದರೆ, ಅವನು ಕ್ಯಾಮೆರಾ ನಿಲ್ಲಿಸುವುದನ್ನೇ ಮರೆತಿದ್ದ. ಎಲ್ಲರ ಸಿಟ್ಟು, ಬೆವರು, ಕೈ ಮುಗಿದದ್ದು ಒಂದೂ ಬಿಡದೆ ಅದರಲ್ಲಿತ್ತು. ಅಷ್ಟು ಚೆನ್ನಾದ ನಟನೆ ಇಡೀ ಸಿನಿಮಾದಲ್ಲಿ ಬೇರೆಲ್ಲೂ ಇಲ್ಲ.

ಗಂಗಾವತಿಯ ಕಲ್ಯಾಣ ಮಂಟಪದಲ್ಲಿ ಅದನ್ನು ತೋರಿಸಿದಾಗ ಕುರ್ಚಿ ಹಾಕುವ ಮೊದಲೇ ಹೋಗಿದ್ದೆ. ಜನ ಬಿದ್ದು ಬಿದ್ದು ನಕ್ಕರು. ಪಕ್ಕದವನು ನನ್ನ ಗುರುತು ಹಿಡಿಯದೆ, ‘ಏನ್ ಸೊಕ್ಕರಿ ಈ ಮನಷ್ಯಾಗ!’ ಎಂದ.

ತಿದ್ದಲು ಹೋಗಲಿಲ್ಲ. ಗಾಜು ಏರಿಸಿದ ಕಾರಿನಲ್ಲಿ ಶಿಸ್ತು ಕೂತಿರಲಿ, ಸೊಕ್ಕು ಕೂತಿರಲಿ, ಹೊರಗೆ ನಿಂತವರ ಕಾಲು ನೋಯುವುದು ಒಂದೇ ರೀತಿ.