ಬಿರಡೆ ಕಚ್ಚಿದ ಸೀಸೆ

ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸೊಂಟ ಬಗ್ಗಿಸಿ, ಮೂಗಿನ ತುದಿಗೆ ಜಾರಿದ ಕನ್ನಡಕದಲ್ಲಿ ಸೀಸೆಗಳನ್ನು ಒಂದೊಂದಾಗಿ ನೋಡುತ್ತಿದ್ದರು ನಮ್ಮ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್. "ಮುಟ್ಟೋಕ್ ಮುಂಚೆ ನೋಡ್ಬೇಕು ಸಾರ್" ಎನ್ನುವುದು ಅವರ ಮಾತು. ಎಪ್ಪತ್ತರ ದಶಕದ ಮೊದಲಲ್ಲಿ ನಾನು ದೊಡ್ಡಬಳ್ಳಾಪುರದ ಕಾಲೇಜಿಗೆ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದಾಗ ಅವರಿಗೆ ನನ್ನ ತಂದೆಯ ವಯಸ್ಸು.

ಹಳೆಯ ಈಥರ್‌ನಲ್ಲಿ ಗಾಳಿ ತಾಗಿ ಪೆರಾಕ್ಸೈಡ್ ಕೂಡುತ್ತದೆ, ಅದು ಸಿಡಿಯುತ್ತದೆ ಎಂದು ನಾನು ಓದಿದ್ದೆ, ಅಷ್ಟೆ. ಅವರು ಪ್ರತಿ ಪ್ರಾಕ್ಟಿಕಲ್‌ಗೂ ಮೊದಲು ತುಸು ಈಥರ್ ಪ್ರನಾಳಕ್ಕೆ ಹಾಕಿ, ಪೊಟ್ಯಾಸಿಯಂ ಅಯೊಡೈಡ್ ದ್ರಾವಣ ಸೇರಿಸಿ ಕಾಯುತ್ತಿದ್ದರು; ಹಳದಿಯಾದರೆ ಪೆರಾಕ್ಸೈಡ್ ಇದೆಯೆಂದು ಅರ್ಥ. "ಹಳದಿಗ್ ತಿರುಗ್ತು ಸಾರ್. ಈಗ ಕೊಡಲ್ಲ." ರೇಷ್ಮೆಗೆ ಬಣ್ಣ ಹಾಕುವವರ ಹತ್ತಿರದಿಂದ ತಂದ ಅನ್ನಭೇದಿಯ, ಅಂದರೆ ಫೆರಸ್ ಸಲ್ಫೇಟಿನ, ನೀರಿನಲ್ಲಿ ಅದನ್ನು ತೊಳೆದು, ಮತ್ತೆ ಪರೀಕ್ಷಿಸಿಯೇ ಕೊಡುವುದು. ಅಷ್ಟರಲ್ಲಿ ನನ್ನ ಪೀರಿಯಡ್ ಅರ್ಧ ಮುಗಿದು ಮೈಯೆಲ್ಲ ಉರಿಯುತ್ತಿತ್ತು.

ಮೂಲೆಯ ಕಪಾಟಿನ ಒಂದು ಹಳೆಯ ಈಥರ್ ಸೀಸೆಯನ್ನು ಮಾತ್ರ ಅವರು ಪರೀಕ್ಷಿಸುತ್ತಲೂ ಇರಲಿಲ್ಲ. ಗಾಜಿನ ಬಿರಡೆ ಕಚ್ಚಿಕೊಂಡು ಸುತ್ತ ಪೆರಾಕ್ಸೈಡಿನ ಬಿಳಿ ಹರಳು ಕಟ್ಟಿತ್ತು. ತಿರುಗಿಸಿದರೆ ಆ ಉಜ್ಜಾಟಕ್ಕೇ ಸಿಡಿಯಬಹುದು. ವಿಲೇವಾರಿಗೆ ಅನುಮತಿ ಕೇಳಿ ಅವರು ಬರೆಸಿದ ಪತ್ರಗಳಿಗೆಲ್ಲ ಮೇಲಿನ ಕಚೇರಿಯ ಉತ್ತರ ಒಂದೇ: ಖಾಲಿ ಸೀಸೆ ಹಾಜರುಪಡಿಸಿದರೆ ಪಟ್ಟಿಯಿಂದ ತೆಗೆಯಲಾಗುವುದು. ತೆರೆಯಬಾರದ ಸೀಸೆಯನ್ನು ಖಾಲಿ ಮಾಡುವುದು ಹೇಗೆಂದು ಆ ಪುಣ್ಯಾತ್ಮರಿಗೆ ಯಾರು ಹೇಳಬೇಕು?

ಅವರ ನಿವೃತ್ತಿ ಬಂತು. ಸಾಮಾನೆಲ್ಲ ವಹಿಸಿಕೊಂಡೆನೆಂದು ನಾನು ಸಹಿ ಹಾಕದೆ ಪಿಂಚಣಿಯ ಕಾಗದ ಮುಂದೆ ಹೋಗದು. ನಾನು ಹಾಕಲಿಲ್ಲ. "ಆ ಸೀಸೆ ನನ್ನ ತಲೆಗೆ ಕಟ್ಬೇಡಿ. ಹೋಗೋಕ್ ಮುಂಚೆ ಏನಾದ್ರೂ ಮಾಡಿ" ಎಂದೆ.

"ನಾವು ಏನೂ ಮಾಡ್ಬಾರ್ದು ಸಾರ್. ಸಹಿ ಹಾಕ್ದಿದ್ರೆ ಬಿಡಿ, ಕಪಾಟಿನ್ ಹತ್ರ ಯಾರ್ನೂ ಬಿಡ್ಬೇಡಿ."

ಪಿಂಚಣಿಯಿಲ್ಲದೆ ಎಂಟು ತಿಂಗಳು ಅವರು ಪ್ರಿನ್ಸಿಪಾಲರ ಬಾಗಿಲಿಗೆ ಅಲೆದರು. ಕೊನೆಗೆ ಸೀಸೆಯನ್ನು ನಾಶಮಾಡಲು ಪ್ರಿನ್ಸಿಪಾಲರು ತಮ್ಮದೇ ಜವಾಬ್ದಾರಿಯಲ್ಲಿ ಒಪ್ಪಿದಾಗ, ಮಾಕಳಿದುರ್ಗದ ಕಡೆಯ ಕಲ್ಲುಗಣಿಯಿಂದ ಬಂಡೆಗೆ ಮದ್ದಿಡುವ ಲೈಸೆನ್ಸಿದ್ದವನನ್ನು ಅಟೆಂಡರೇ ಕರೆತಂದರು. ಭಾನುವಾರ ಎಲ್ಲರನ್ನೂ ಹೊರಗೆ ಕಳಿಸಿ, ಆತ ಸೀಸೆಯನ್ನು ಮರಳಿನಲ್ಲಿಟ್ಟು ಹಿಂದಿನ ಬಯಲಿಗೆ ಒಯ್ದು ದೂರದಿಂದ ಸಿಡಿಸಿದ. ಕಾಲೇಜಿನ ಕಿಟಕಿಗಳು ಅದುರಿದವು. ಅಂದೇ ಸಹಿ ಹಾಕಿದೆ.

ಪಿಂಚಣಿ ಮಂಜೂರಾಗುವ ಹೊತ್ತಿಗೆ ಅಟೆಂಡರ್ ತೀರಿಕೊಂಡಿದ್ದರು. ಮನೆಗೆ ಹೋಗಿ ಅವರ ಹೆಂಡತಿಯ ಎದುರು ತಲೆ ತಗ್ಗಿಸಿ ಕೂತೆ.

"ನಿಮ್ಮನ್ನ ಒಂದಿನಾನೂ ಬೈಲಿಲ್ಲ ಕಣಪ್ಪಾ" ಎಂದರು ಆಕೆ. "ಹೊಸ ಮೇಷ್ಟ್ರಿಗೆ ಆ ಸೀಸೆ ಕಂಡ್ರೆ ಭಯ ಐತೆ, ಮಕ್ಕಳ ಕೈಕಾಲು ಉಳ್ಕೊಳ್ತವೆ ಅಂತಿದ್ರು."

ಬೈದಿದ್ದರೆ ಎಷ್ಟೋ ವಾಸಿಯಿತ್ತು.